ಹಂಪಾಪುರದಲ್ಲಿ ತೆರೆದ ಅಮೆರಿಕದ ಕಡತ

ನಿವೃತ್ತಿಯ ನಂತರ ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರಕ್ಕೆ ಮರಳಿ ಬಂದು ನೆಲೆಸಿದ್ದೇನೆ. ಭಾನುವಾರ ಬೆಳಿಗ್ಗೆ ಸುತ್ತಲಿನ ಊರುಗಳ ಎಂಟು ಹತ್ತು ಮಂದಿ ಕಾಲೇಜು ವಿದ್ಯಾರ್ಥಿಗಳು ನಮ್ಮ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅರ್ಥಶಾಸ್ತ್ರ ಹೇಳಿಕೊಡುವುದು ನಮ್ಮ ನಡುವಿನ ಒಪ್ಪಂದ. ಒಮ್ಮೆ ಹುಡುಗನೊಬ್ಬ ಹಣದುಬ್ಬರದ ಪಾಠದ ನಡುವೆ, ‘ಸರ್, 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಹೋದದ್ದೇಕೆ?’ ಎಂದು ಕೇಳಿದ. ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ, ‘ಪರೀಕ್ಷೆಯಲ್ಲಿ ಏನು ಬರೆಯಬೇಕು?’ ಎಂದೂ ಸೇರಿಸಿದ. ಎರಡೂ ಒಂದೇ ಪ್ರಶ್ನೆಯೆಂದು ಅವನು ಭಾವಿಸಿದ್ದ. ಅಲ್ಲವೆಂದು ತೋರಿಸಲು ಹೊರಟ ನನಗೆ ಅರ್ಥಶಾಸ್ತ್ರದ ಹಲವು ಭಾನುವಾರಗಳು ನಷ್ಟವಾದವು.

ನಾವು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಕಾಲದಲ್ಲಿ ವಿಯೆಟ್ನಾಂ ಯುದ್ಧದ ಬಗ್ಗೆ ತಿಳಿಯಲು ಗ್ರಂಥಾಲಯಕ್ಕೆ ವಾರಗಟ್ಟಲೆ ತಡವಾಗಿ ಬರುತ್ತಿದ್ದ ವಿದೇಶಿ ನಿಯತಕಾಲಿಕೆಗಳೇ ಗತಿಯಾಗಿದ್ದವು. ಇಂದು ಹಂಪಾಪುರದ ಹುಡುಗಿಯ ಕೈಯಲ್ಲಿರುವ ಮೊಬೈಲಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ತಂತಿ ಸಂದೇಶಗಳು ತೆರೆದುಕೊಳ್ಳುತ್ತವೆ. ಆ ಇಲಾಖೆ ತನ್ನ ರಾಜತಾಂತ್ರಿಕ ಪತ್ರಗಳನ್ನು ಸಂಪುಟಗಳಾಗಿ ಪ್ರಕಟಿಸುವುದನ್ನು ಆರಂಭಿಸಿದ್ದು 1861ರಲ್ಲಿ. ಮೂವತ್ತು ವರ್ಷದೊಳಗೆ ಅವು ಹೊರಬರಬೇಕೆಂಬ ಕಾನೂನು ಆದದ್ದು 1991ರಲ್ಲಿ. ಆ ಗಡುವು ಎಷ್ಟೋ ಸಲ ಮೀರಿಹೋಗಿದೆ, ಆ ಮಾತು ಬೇರೆ. ವಿಯೆಟ್ನಾಂ ನೀತಿ ಕುರಿತ ‘ಪೆಂಟಗನ್ ಪೇಪರ್ಸ್’ ಅನ್ನು ಡೇನಿಯಲ್ ಎಲ್ಸ್‌ಬರ್ಗ್ 1971ರಲ್ಲಿ ಪತ್ರಿಕೆಗಳಿಗೆ ಕೊಟ್ಟು ಮೊಕದ್ದಮೆ ಎದುರಿಸಿದರು. ನಲವತ್ತು ವರ್ಷ ಕಳೆದ ಮೇಲೆ, 2011ರಲ್ಲಿ, ಅದರ ಸುಮಾರು 7,000 ಪುಟಗಳನ್ನು ಅಲ್ಲಿನ ರಾಷ್ಟ್ರೀಯ ಪತ್ರಾಗಾರವೇ ಅಂತರಜಾಲಕ್ಕೆ ಏರಿಸಿತು. ವಾಷಿಂಗ್ಟನ್ನಿನ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸರ್ಕಾರೇತರ ಸಂಸ್ಥೆಯಂತೂ 1985ರಿಂದ ಇದನ್ನೇ ಕಾಯಕವಾಗಿಸಿಕೊಂಡಿದೆ.

ನಾನು ಮೊದಲು ಕೈಗೆತ್ತಿಕೊಂಡದ್ದು ಟಾಂಕಿನ್ ಕೊಲ್ಲಿಯ ಪ್ರಕರಣ. 1964ರ ಆಗಸ್ಟ್ 2ರಂದು ಉತ್ತರ ವಿಯೆಟ್ನಾಮಿನ ದೋಣಿಗಳು ಅಮೆರಿಕದ ಮ್ಯಾಡಾಕ್ಸ್ ಎಂಬ ಹಡಗಿನ ಮೇಲೆ ದಾಳಿ ನಡೆಸಿದವು. 4ರ ರಾತ್ರಿ ಮತ್ತೊಂದು ದಾಳಿ ನಡೆಯಿತೆಂದು ವರದಿಯಾಯಿತು. 7ರಂದು ಅಮೆರಿಕದ ಸಂಸತ್ತು ಅಧ್ಯಕ್ಷ ಜಾನ್ಸನ್ ಅವರಿಗೆ ಯುದ್ಧ ನಡೆಸುವ ಅಧಿಕಾರ ನೀಡಿತು. ಸೆನೆಟ್‌ನಲ್ಲಿ ವಿರೋಧಿಸಿದವರು ಇಬ್ಬರೇ. ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಸ್ಥಳದಲ್ಲಿದ್ದ ಕ್ಯಾಪ್ಟನ್ ಹೆರಿಕ್ ಅದೇ ದಿನ ಕಳುಹಿಸಿದ ಇನ್ನೊಂದು ಸಂದೇಶವನ್ನು ಮಕ್ಕಳ ಮುಂದಿಟ್ಟೆ. ಕೆಟ್ಟ ಹವಾಮಾನ ಮತ್ತು ಅತ್ಯುತ್ಸಾಹದ ಸಿಬ್ಬಂದಿಯಿಂದಾಗಿ ಇಲ್ಲದ ಟಾರ್ಪೆಡೊಗಳು ‘ಕೇಳಿಸಿರಬಹುದು’ ಎಂಬ ಸಂಶಯ ಅದರಲ್ಲಿದೆ. ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬ ಆಂತರಿಕ ಅಧ್ಯಯನವನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಬಹಿರಂಗಪಡಿಸಿದ್ದು 2005ರಲ್ಲಿ. ಜಗಲಿಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಒಬ್ಬಳು, ‘ಆ ಸಂದೇಶ ಎಷ್ಟು ಗಂಟೆಗೆ ತಲುಪಿತು ಸರ್?’ ಎಂದಳು. ಮೂವತ್ತು ವರ್ಷ ಕಡತಗಳ ನಡುವೆ ಬದುಕಿದವನಿಗೆ ಇದಕ್ಕಿಂತ ಹಿತವಾದ ಪ್ರಶ್ನೆ ಬೇರೆ ಇಲ್ಲ.

ಇರಾಕಿನ ಪಾಠ ಹೆಚ್ಚು ಕಾಲ ಹಿಡಿಯಿತು. 2002ರ ಅಕ್ಟೋಬರಿನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳು ಒಟ್ಟಾಗಿ ಇರಾಕಿನ ಶಸ್ತ್ರಾಸ್ತ್ರಗಳ ಕುರಿತು ಸುಮಾರು 90 ಪುಟಗಳ ಅಂದಾಜು ವರದಿ ಸಿದ್ಧಪಡಿಸಿದವು. ಇರಾಕ್ ಅಣ್ವಸ್ತ್ರ ಕಾರ್ಯಕ್ರಮವನ್ನು ಮತ್ತೆ ಆರಂಭಿಸುತ್ತಿದೆ ಎಂಬುದು ಅದರ ಮುಖ್ಯ ತೀರ್ಮಾನಗಳಲ್ಲೊಂದು. ಆದರೆ ಅದೇ ವರದಿಯೊಳಗೆ ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗ ತನ್ನ ಭಿನ್ನಮತವನ್ನು ದಾಖಲಿಸಿತ್ತು: ಲಭ್ಯ ಸಾಕ್ಷ್ಯ ಅಂಥ ತೀರ್ಮಾನಕ್ಕೆ ಸಾಲದು, ಇರಾಕ್ ತರಿಸಿಕೊಳ್ಳಲು ಯತ್ನಿಸಿದ ಅಲ್ಯೂಮಿನಿಯಂ ಕೊಳವೆಗಳು ಅಣ್ವಸ್ತ್ರಕ್ಕಾಗಿ ಎನ್ನಲಾಗದು ಎಂದು. ಕೊಳವೆಗಳ ವಿಷಯದಲ್ಲಿ ಇಂಧನ ಇಲಾಖೆಯೂ ಒಪ್ಪಿರಲಿಲ್ಲ. ಸಾರ್ವಜನಿಕರಿಗೆಂದು ಹೊರಡಿಸಿದ ಆವೃತ್ತಿಯಲ್ಲಿ ಭಿನ್ನಮತ ತಳೆದವರ ಹೆಸರು ಮರೆಯಾಗಿ, ಎಚ್ಚರಿಕೆಯ ಪದಗಳು ಕಳಚಿಬಿದ್ದಿದ್ದವು. ಇದನ್ನು ಸೆನೆಟ್‌ನ ಸಮಿತಿಯೇ 2004ರಲ್ಲಿ ಹೇಳಿತು. 2003ರ ಫೆಬ್ರುವರಿ 5ರಂದು ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ನಿಂತು ಆ ಕೊಳವೆಗಳ ಕಥೆಯನ್ನು ಜಗತ್ತಿಗೆ ಹೇಳಿದರು. ಭಿನ್ನಮತ ಬರೆದದ್ದು ಅವರದೇ ಇಲಾಖೆಯ ವಿಭಾಗ ಎಂಬುದನ್ನು ನೆನಪಿಡಬೇಕು.

ಕಡತದಲ್ಲಿ ಭಿನ್ನಮತ ಬರೆಯುವುದೆಂದರೇನು ಎಂದು ವಿದ್ಯಾರ್ಥಿಗಳು ಕೇಳಿದರು. ನನ್ನದೇ ಒಂದು ಪ್ರಸಂಗ ಹೇಳಬೇಕಾಯಿತು. ಸೇವೆಯ ಆರಂಭದ ವರ್ಷಗಳಲ್ಲಿ ಭೂಸ್ವಾಧೀನಕ್ಕೆ ಸಂಬಂಧಿಸಿದ ಒಂದು ಗಣತಿಯ ಕಡತ ನನ್ನ ಮೇಜಿಗೆ ಬಂತು. ಬಿತ್ತನೆಯ ದಿನಗಳಲ್ಲಿ, ಹಗಲು ಹೊತ್ತಿನಲ್ಲಿ, ಜನ ಹೊಲದಲ್ಲಿದ್ದಾಗ ನಡೆಸಿದ ಗಣತಿ ಅದು. ಬೀಗ ಹಾಕಿದ ಮನೆಗಳು ಲೆಕ್ಕಕ್ಕೆ ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ನಾಲ್ಕು ಸಾಲು ಬರೆದು ಹಿಂದಕ್ಕೆ ಕಳುಹಿಸಬಹುದಿತ್ತು. ‘ಪ್ರಸ್ತಾಪಿಸಿರುವಂತೆ’ ಎಂದು ಬರೆದು ಸಹಿ ಹಾಕಿದೆ. ಇಂದು ಯಾರಾದರೂ ಆ ಕಡತ ತೆರೆದರೆ ಎಲ್ಲ ಅಧಿಕಾರಿಗಳೂ ಒಮ್ಮತದಿಂದಿದ್ದರು ಎಂದೇ ತಿಳಿಯುತ್ತಾರೆ. ಇದನ್ನು ಕೇಳಿದ ಮೇಲೆ ನನ್ನ ವಿದ್ಯಾರ್ಥಿಗಳು ನನ್ನನ್ನು ಸ್ವಲ್ಪ ಕಡಿಮೆ ಗೌರವದಿಂದಲೂ ಅಮೆರಿಕದ ಆ ಭಿನ್ನಮತವನ್ನು ಸ್ವಲ್ಪ ಹೆಚ್ಚು ಗೌರವದಿಂದಲೂ ಕಂಡರೆಂದು ತೋರುತ್ತದೆ.

ಆದರೆ ಇಲ್ಲೊಂದು ಅಪಾಯವಿದೆ. ‘ರಹಸ್ಯ’ ಎಂಬ ಮುದ್ರೆಗೆ ವಿಚಿತ್ರ ಮೋಹಕತೆಯುಂಟು. ಪಠ್ಯಪುಸ್ತಕವನ್ನು ಕಣ್ಣುಮುಚ್ಚಿ ನಂಬುತ್ತಿದ್ದ ಮಕ್ಕಳು ಕೆಲವೇ ವಾರಗಳಲ್ಲಿ ಕಡತವನ್ನು ಕಣ್ಣುಮುಚ್ಚಿ ನಂಬತೊಡಗಿದರು. ಕಡತದಲ್ಲಿರುವುದು ಕೆಳಗಿನ ಅಧಿಕಾರಿ ಮೇಲಿನವರಿಗೆ ಏನು ತಿಳಿಯಲಿ ಎಂದು ಬಯಸಿದನೋ ಅದು. ಕೆಲವೊಮ್ಮೆ, ಮುಂದೆ ವಿಚಾರಣೆಯಾದರೆ ತನ್ನನ್ನು ಕಾಪಾಡಲಿ ಎಂದು ಬರೆದಿಟ್ಟದ್ದು. ವಿಯೆಟ್ನಾಮಿನ ಗದ್ದೆಯ ರೈತ, ಬಾಗ್ದಾದಿನ ಬೇಕರಿಯವನು ಟಿಪ್ಪಣಿ ಹಾಳೆಯಲ್ಲಿ ಸಹಿ ಮಾಡುವುದಿಲ್ಲ. ಜೊತೆಗೆ ಭಾಷೆಯ ತೊಡಕು. ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿ, ಯಂತ್ರಾನುವಾದಕ್ಕೆ ಕೊಟ್ಟರೆ ಯುದ್ಧ ಟ್ಯಾಂಕು ನೀರಿನ ತೊಟ್ಟಿಯಾಗುತ್ತದೆ, ಫಿರಂಗಿಯ ಶೆಲ್ಲು ಚಿಪ್ಪಾಗುತ್ತದೆ. ಹೀಗಾಗಿ ಹಿಂದಿನ ರಾತ್ರಿ ಕುಳಿತು ಎರಡು ಮೂರು ಪುಟಗಳನ್ನು ನಾನೇ ಕನ್ನಡಕ್ಕೆ ತರುತ್ತೇನೆ.

ಒಂದು ಮೇಜಿನ ಕಡತವನ್ನು ಇನ್ನೊಂದು ಮೇಜಿನಿಂದಲೂ ನೋಡುವುದು ಹೇಗೆಂದು ತೋರಿಸಲು ನಾನು ಕೊರಿಯಾ ಯುದ್ಧಕ್ಕೆ ಹೋದೆ. ಆ ಇನ್ನೊಂದು ಮೇಜು ನಮಗೆ ದೂರದ್ದಲ್ಲ. ನಾಗರಹೊಳೆಯ ಕಾಡು ದಾಟಿದರೆ ಕೊಡಗು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡಂದೇರ ತಿಮ್ಮಯ್ಯನವರು ಆ ಮೇಜಿನ ಹಿಂದೆ ಕುಳಿತವರು.

1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿದ್ದಾಗ ಉಳಿದ ಬಹುದೊಡ್ಡ ತಕರಾರು ಯುದ್ಧಕೈದಿಗಳದು. ತಾಯ್ನಾಡಿಗೆ ಮರಳಲು ಒಲ್ಲದವರನ್ನು ಏನು ಮಾಡುವುದು? ಅವರನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸಬೇಕೆಂದಾಯಿತು. ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಅದರ ಸದಸ್ಯರು. ಅಧ್ಯಕ್ಷತೆ ಭಾರತದ್ದು, ಅಂದರೆ ಜನರಲ್ ತಿಮ್ಮಯ್ಯನವರದು. ಅಮೆರಿಕ ನೇತೃತ್ವದ ವಿಶ್ವಸಂಸ್ಥೆಯ ಸೇನಾ ಕಮಾಂಡ್ ಒಪ್ಪಿಸಿದ್ದು 22,604 ಚೀನೀ ಮತ್ತು ಉತ್ತರ ಕೊರಿಯಾ ಕೈದಿಗಳನ್ನು; ಎದುರು ಪಕ್ಷ ಒಪ್ಪಿಸಿದ್ದು 359 ಮಂದಿಯನ್ನು, ಅವರಲ್ಲಿ 23 ಮಂದಿ ಅಮೆರಿಕನ್ನರು. ಇವರನ್ನು ಕಾಯಲು ಮೇಜರ್ ಜನರಲ್ ಥೋರಟ್ ಅವರ ಕೈಕೆಳಗೆ ಭಾರತದ ಕಾವಲುಪಡೆ ಹೊರಟಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದೆಂದು ಹಟ ಹಿಡಿದಿದ್ದರಿಂದ ಹಡಗಿನಿಂದಲೇ ಅವರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾರಹಿತ ವಲಯಕ್ಕೆ ಇಳಿಸಲಾಯಿತು.

ಈ ತಿಂಗಳುಗಳ ಅಮೆರಿಕದ ದಾಖಲೆಗಳು ಕೊರಿಯಾ ಸಂಪುಟದಲ್ಲಿ ಎಲ್ಲರಿಗೂ ಲಭ್ಯ. ಭಾರತ ಯಾವ ಕಡೆಗೆ ವಾಲೀತೋ ಎಂಬ ಶಂಕೆ ಆ ದಿನಗಳ ವಾಷಿಂಗ್ಟನ್ನಿನ ಗಾಳಿಯಲ್ಲೇ ಇತ್ತು. ಕೊರಿಯಾ ಕುರಿತ ರಾಜಕೀಯ ಸಮ್ಮೇಳನದಲ್ಲಿ ಭಾರತಕ್ಕೆ ಸ್ಥಾನ ಕೂಡದೆಂದು ಅಮೆರಿಕ ಅದೇ ಆಗಸ್ಟ್‌ನಲ್ಲಿ ಪಟ್ಟು ಹಿಡಿದು ಗೆದ್ದಿತ್ತು. ತಿಮ್ಮಯ್ಯನವರ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ಕೈದಿಗಳ ಶಿಬಿರಗಳೊಳಗೆ ಸಂಘಟಿತ ಗುಂಪುಗಳ ದಂಡಾಧಿಕಾರ ನಡೆಯುತ್ತಿತ್ತು. ಮನೆಗೆ ಹೋಗುತ್ತೇನೆಂದು ಬಾಯಿಬಿಟ್ಟವನ ಜೀವಕ್ಕೆ ಖಾತರಿಯಿರಲಿಲ್ಲ. ಎರಡೂ ಪಕ್ಷಗಳು ತಮ್ಮ ಕೈದಿಗಳಿಗೆ ‘ವಿವರಣೆ’ ನೀಡಲು ಇದ್ದ 90 ದಿನಗಳ ಅವಧಿ ಡಿಸೆಂಬರ್ 23ಕ್ಕೆ ಮುಗಿದಾಗ ಬಹುಪಾಲು ಕೈದಿಗಳು ವಿವರಣೆಯ ಡೇರೆಯೊಳಗೆ ಕಾಲಿಟ್ಟೇ ಇರಲಿಲ್ಲ. ಆಯೋಗದ ಮಧ್ಯಂತರ ವರದಿ ಒಡೆದುಹೋಯಿತು: ಭಾರತ, ಪೋಲೆಂಡ್, ಚೆಕೊಸ್ಲೊವಾಕಿಯಾ ಒಂದು ಕಡೆ, ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ಭಾರತೀಯ ಕಾವಲುಪಡೆಯ ಗುಂಡಿಗೆ ಕೈದಿಗಳು ಸತ್ತ ಘಟನೆಯನ್ನೂ ನಾನು ಮಕ್ಕಳಿಂದ ಮುಚ್ಚಿಡಲಿಲ್ಲ. ಶಾಂತಿಗಾಗಿ ಹೋದವರ ಕೈಯೂ ಪೂರ್ತಿ ಸ್ವಚ್ಛವಾಗಿ ಮರಳುವುದಿಲ್ಲವೆಂದು ಅವರಿಗೆ ತಿಳಿಯಲಿ.

1954ರ ಜನವರಿಯಲ್ಲಿ ತಿಮ್ಮಯ್ಯನವರು ಎರಡೂ ಸೇನಾ ಕಮಾಂಡುಗಳಿಗೆ ಪತ್ರ ಬರೆದು, 20ರಿಂದ ಕೈದಿಗಳನ್ನು ಅವರವರನ್ನು ಸೆರೆಹಿಡಿದ ಪಕ್ಷಗಳಿಗೇ ಹಿಂದಿರುಗಿಸುವುದಾಗಿ ತಿಳಿಸಿದರು. ಆದರೆ ರಾಜಕೀಯ ಸಮ್ಮೇಳನ ಪ್ರಶ್ನೆಯನ್ನು ಪರಿಶೀಲಿಸುವ ಮೊದಲೇ ಅವರನ್ನು ಬಿಡುಗಡೆ ಮಾಡುವುದು ಕದನವಿರಾಮದ ಷರತ್ತಿಗೆ ಒಪ್ಪುವುದಿಲ್ಲ ಎಂಬುದು ಅವರ ನಿಲುವು. ಅಮೆರಿಕದ ಜನರಲ್ ಹಲ್ ಕೈದಿಗಳನ್ನು ಸ್ವೀಕರಿಸಿದರು, ಷರತ್ತನ್ನು ಸ್ವೀಕರಿಸಲಿಲ್ಲ. 23ರಂದು ಅವರೆಲ್ಲ ನಾಗರಿಕರೆಂದು ಘೋಷಣೆಯಾಯಿತು. ಚೀನಾ ಮತ್ತು ಉತ್ತರ ಕೊರಿಯಾ ಇದನ್ನು ಉಲ್ಲಂಘನೆ ಎಂದವು. ಒಂದೇ ಪತ್ರವನ್ನು ಮೂವರು ಮೂರು ರೀತಿಯಲ್ಲಿ ಓದಿದ್ದರು. ನಾನು ಜಗಲಿಯನ್ನು ಮೂರು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪಕ್ಷ ವಹಿಸಿದೆ. ಎರಡು ಗಂಟೆಯ ಜಗಳ. ಕಾಫಿ ಆರಿತು. ಎರಡೂ ಪಕ್ಷಗಳು ಬೇಡವೆಂದು ತಟಸ್ಥ ದೇಶಗಳನ್ನು ಬಯಸಿದ 88 ಮಂದಿಯನ್ನು ನಮ್ಮ ಸೈನಿಕರು ಮದ್ರಾಸಿಗೆ ಕರೆತಂದರು ಎಂಬುದನ್ನು ಕೇಳಿ, ಅವರ ಪಕ್ಷ ವಹಿಸಲು ಯಾರನ್ನೂ ನೇಮಿಸಲಿಲ್ಲವೇಕೆ ಎಂದು ಒಬ್ಬ ಹುಡುಗ ನನ್ನನ್ನೇ ತರಾಟೆಗೆ ತೆಗೆದುಕೊಂಡ.

‘ಹಂಪಾಪುರದ ಮಕ್ಕಳಿಗೆ ಅಮೆರಿಕದ ಯುದ್ಧಗಳಿಂದ ಏನಾಗಬೇಕು?’ ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಾಕಿಗೆ ಸೇನೆ ಕಳುಹಿಸಿ ಎಂಬ ಅಮೆರಿಕದ ಕೋರಿಕೆಯನ್ನು ಭಾರತ ತಳ್ಳಿಹಾಕಿದ್ದು 2003ರ ಜುಲೈನಲ್ಲಿ, ತಿಂಗಳುಗಳ ಚರ್ಚೆಯ ನಂತರ. ತಳ್ಳಿಹಾಕದಿದ್ದರೆ ಕೊಡಗಿನಿಂದಲೂ ನಮ್ಮ ತಾಲ್ಲೂಕಿನಿಂದಲೂ ಹುಡುಗರು ಹೋಗುತ್ತಿದ್ದರು ಎಂದಷ್ಟೇ ಅವರಿಗೆ ಉತ್ತರಿಸಿದೆ.

ಅವರ ಆಕ್ಷೇಪಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೊಂದು. 1971ರ ಬಾಂಗ್ಲಾ ಯುದ್ಧದ ಬಗ್ಗೆ ನಿಕ್ಸನ್ ಮತ್ತು ಕಿಸಿಂಜರ್ ಆಡಿದ ಮಾತುಗಳು, ಢಾಕಾದ ಅಮೆರಿಕನ್ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ತಮ್ಮದೇ ಸರ್ಕಾರದ ಮೌನವನ್ನು ಪ್ರತಿಭಟಿಸಿ ಏಪ್ರಿಲ್ 6ರಂದು ಕಳುಹಿಸಿದ ಸಂದೇಶ, ಎಲ್ಲವೂ ನನ್ನ ವಿದ್ಯಾರ್ಥಿಗಳ ಕೈಗೆ ಸಿಗುತ್ತವೆ. ಆ ಬಿಕ್ಕಟ್ಟಿನ ಸಂಪುಟ 2005ರಲ್ಲೇ ಪ್ರಕಟವಾಗಿದೆ. ಅದೇ ವರ್ಷದ ದೆಹಲಿಯ ಕಡತವನ್ನು ಕೇಳಿದರೆ ನಾನು ತೋರಿಸಬಲ್ಲದ್ದು ಅತ್ಯಲ್ಪ. ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ಇದೆ, ನೆಹರೂ ಅವರ ಆಯ್ದ ಬರಹಗಳ ಸಂಪುಟಗಳಿವೆ, 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಿದೆ. 25 ವರ್ಷಕ್ಕೆ ದಾಖಲೆಗಳನ್ನು ಸಾಮಾನ್ಯವಾಗಿ ಬಹಿರಂಗಗೊಳಿಸಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರಲ್ಲಿ ಪ್ರಕಟಿಸಿತು. ಆದರೂ 1962ರ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್-ಭಗತ್ ವರದಿಯನ್ನು ಸರ್ಕಾರ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಅದರ ಒಂದು ಭಾಗ 2014ರಲ್ಲಿ ಬೆಳಕು ಕಂಡದ್ದು ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತನಿಂದ. ತಿಮ್ಮಯ್ಯನವರು 1957ರಿಂದ 1961ರವರೆಗೆ ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದವರು, 1959ರಲ್ಲಿ ರಾಜೀನಾಮೆ ಕೊಟ್ಟು ನೆಹರೂ ಮಾತಿಗೆ ಹಿಂಪಡೆದವರು. ಕೊರಿಯಾದಲ್ಲಿದ್ದ ತಿಮ್ಮಯ್ಯನವರನ್ನು ನನ್ನ ವಿದ್ಯಾರ್ಥಿಗಳು ವಾಷಿಂಗ್ಟನ್ನಿನ ಕಡತಗಳಲ್ಲಿ ಕಾಣಬಲ್ಲರು. ದೆಹಲಿಯಲ್ಲಿದ್ದ ತಿಮ್ಮಯ್ಯನವರು ಚೀನಾ ಗಡಿಯ ಬಗ್ಗೆ ಏನು ಬರೆದರು, ಅದರ ಮೇಲೆ ಯಾರು ಯಾವ ಟಿಪ್ಪಣಿ ಹಾಕಿದರು ಎಂಬುದನ್ನು ಮೂಲದಲ್ಲಿ ಓದುವ ದಾರಿಯನ್ನು ನಾನು ಅವರಿಗೆ ತೋರಿಸಲಾರೆ.

ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಮಡಿಕೇರಿಯ ‘ಸನ್ನಿಸೈಡ್’ಗೆ ಕರೆದೊಯ್ದಿದ್ದೆ. ಜನರಲ್ ಅವರ ಆ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಹಿಂದಿರುಗುವಾಗ ಬಸ್ಸಿನಲ್ಲಿ, ಟಾಂಕಿನ್ ಸಂದೇಶದ ಗಂಟೆ ಕೇಳಿದ್ದ ಅದೇ ಹುಡುಗಿ, ಕೊರಿಯಾಕ್ಕೆ ಹೋದ ಕಾವಲುಪಡೆಯ ದಾಖಲೆಗಳಲ್ಲಿ ಎಷ್ಟು ರಾಷ್ಟ್ರೀಯ ಪತ್ರಾಗಾರಕ್ಕೆ ಸಂದಿವೆ, ಉಳಿದವು ಎಲ್ಲಿವೆ ಎಂದು ಕೇಳಿದಳು. ನನ್ನನ್ನು ಕೇಳಿ ಪ್ರಯೋಜನವಿಲ್ಲ, ಮಾಹಿತಿ ಹಕ್ಕು ಕಾಯ್ದೆಯಿದೆ ಎಂದೆ. ಮುಂದಿನ ಭಾನುವಾರ ಅವಳು ಅರ್ಜಿ ಬರೆದು ತಂದಳು. ‘ದಯವಿಟ್ಟು ಎಲ್ಲ ಮಾಹಿತಿ ಕೊಡಿ’ ಎಂದಿದ್ದ ಕಡೆ, ಸಂದಿರುವ ಕಡತಗಳ ಪಟ್ಟಿ, ಸಂದ ದಿನಾಂಕ ಎಂದು ತಿದ್ದಿಸಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಲಕೋಟೆಯ ಮೇಲೆ ರಕ್ಷಣಾ ಸಚಿವಾಲಯದ ವಿಳಾಸ ಬರೆದು, ಸೋಮವಾರ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದಳು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ರಸೀದಿಯ ಒಂದು ಪ್ರತಿ ನನ್ನ ಬಳಿ ಇದೆ.