ಅಜ್ಜನ ಶುಗರ್ ಇಳಿದರೆ ಮೊಮ್ಮಕ್ಕಳು ಏನು ಮಾಡಬೇಕು?

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ 'ಶುಗರ್ ಜಾಸ್ತಿಯಾಗಿದೆ' ಎಂಬ ಮಾತು ಮಕ್ಕಳ ಕಿವಿಗೆ ಬಿದ್ದೇ ಇರುತ್ತದೆ. ಜಾಮೂನಿನ ಡಬ್ಬಿ ಅಜ್ಜನ ಕೈಗೆ ಸಿಗದಂತೆ ಅಜ್ಜಿ ಅದನ್ನು ಮೇಲಿನ ಕಪಾಟಿನಲ್ಲಿ ಇಡುವುದೂ ಅದಕ್ಕೇ. ಆದರೆ ಶುಗರ್ ಇಳಿಯುವುದೂ ಉಂಟು. ಏರಿದ ಸಕ್ಕರೆ ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುತ್ತದೆ. ಇಳಿದ ಸಕ್ಕರೆಯಾದರೋ ನೋಡನೋಡುತ್ತಿದ್ದಂತೆ ಮನುಷ್ಯನನ್ನು ನೆಲಕ್ಕೆ ಕೆಡವಬಲ್ಲದು. ಅದಕ್ಕೆ ಮದ್ದು ಹೆಚ್ಚಾಗಿ ನಮ್ಮ ಅಡುಗೆಮನೆಯಲ್ಲೇ ಇರುತ್ತದೆ. ಯಾವಾಗ, ಎಷ್ಟು, ಹೇಗೆ ಕೊಡಬೇಕೆಂಬುದನ್ನು ಶಾಲೆಗೆ ಹೋಗುವ ಮಕ್ಕಳೂ ಕಲಿಯಬಹುದು.

ಯಾಕೆ ಇಳಿಯುತ್ತದೆ?

ಮಿದುಳಿನ ತೂಕ ನಮ್ಮ ಮೈತೂಕದ ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಆ ಶಕ್ತಿ ಮುಖ್ಯವಾಗಿ ರಕ್ತದಲ್ಲಿರುವ ಗ್ಲೂಕೋಸ್‌ನಿಂದ ಬರುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ವೈದ್ಯರು ಅದನ್ನು 'ಹೈಪೋಗ್ಲೈಸೀಮಿಯಾ' ಎನ್ನುತ್ತಾರೆ. 54ಕ್ಕಿಂತ ಕೆಳಗಿಳಿದರೆ ಮಿದುಳಿಗೇ ಕೊರತೆ ಬೀಳುತ್ತದೆ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಿ ಪ್ರಾಣ ಉಳಿಸಿದರು. ಆಮೇಲೆ ಆ ಔಷಧ ಲೆಕ್ಕವಿಲ್ಲದಷ್ಟು ಜೀವಗಳನ್ನು ಕಾಪಾಡಿದೆ. ಆದರೆ ಒಮ್ಮೆ ಚುಚ್ಚಿಕೊಂಡ ಮೇಲೆ ಊಟ ಆಯಿತೋ ಇಲ್ಲವೋ ಎಂದು ಇನ್ಸುಲಿನ್ ಕಾಯುವುದಿಲ್ಲ, ತನ್ನ ಕೆಲಸ ಮಾಡಿಯೇ ತೀರುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳೂ ಹಾಗೆಯೇ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಶುಗರ್ ಇಳಿಯುವುದು ಅಪರೂಪ.

ಮಾತ್ರೆ ನುಂಗಿ ಏಕಾದಶಿ ಉಪವಾಸ ಮಾಡಿದರೆ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದು ಕುಳಿತರೆ, ದಿನಕ್ಕಿಂತ ಹೆಚ್ಚು ನಡೆದರೆ, ವಾಂತಿಭೇದಿಯಾದರೆ ಶುಗರ್ ಇಳಿಯಬಹುದು. ವಯಸ್ಸಾದವರ ಮೂತ್ರಪಿಂಡದ ಶಕ್ತಿ ಕುಂದಿದ್ದರೆ ಔಷಧ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಅಪಾಯ ಇನ್ನಷ್ಟಾಗುತ್ತದೆ.

ಗುರುತಿಸುವುದು ಹೇಗೆ?

ಮೊದಲು ಕೈ ನಡುಕ, ತಣ್ಣನೆಯ ಬೆವರು, ಎದೆ ಡವಡವ, ತಡೆಯಲಾಗದ ಹಸಿವು. ಆಮೇಲೆ ಕಣ್ಣು ಮಂಜು, ಮಾತಿನಲ್ಲಿ ತೊದಲು, ಗೊಂದಲ. ಮಕ್ಕಳೇ, ಅಜ್ಜ ಇದ್ದಕ್ಕಿದ್ದಂತೆ ಸುಮ್ಮಸುಮ್ಮನೆ ರೇಗಿದರೆ, ನಿಮ್ಮ ಹೆಸರಿಗೇ ತಡಕಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಹಣೆ ಮುಟ್ಟಿ ನೋಡಿ, ಬೆವರಿರಬಹುದು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಎದ್ದು ಕಾಣದೇ ಹೋಗಬಹುದು. ಬೆವರು ಮಾತ್ರ ಸಾಮಾನ್ಯವಾಗಿ ಬರುತ್ತದೆ. ರಾತ್ರಿ ಇಳಿದರೆ ಕೆಟ್ಟ ಕನಸು, ಒದ್ದೆಯಾದ ದಿಂಬು, ಬೆಳಿಗ್ಗೆ ತಲೆನೋವು ಸುಳಿವು ಕೊಡುತ್ತವೆ.

ತೋಳಿನ ಬಿಲ್ಲೆ ಏನು ಹೇಳುತ್ತದೆ?

ಈಗ ಕೆಲವರ ತೋಳಿನ ಮೇಲೆ ನಾಣ್ಯದಂಥ ಬಿಳಿ ಬಿಲ್ಲೆ ಕಾಣುತ್ತದೆ. ಅದು ಗ್ಲೂಕೋಸ್ ಸೆನ್ಸರ್. ಹಗಲುರಾತ್ರಿ ಅಳೆದು ಮೊಬೈಲಿಗೆ ಅಂಕಿ ಕಳಿಸುತ್ತದೆ. ಅನೇಕ ಸೆನ್ಸರ್‌ಗಳು ಶುಗರ್ ಇಳಿದರೆ ಕೂಗಿ ಎಬ್ಬಿಸುತ್ತವೆ. ಬಹಳ ಉಪಕಾರಿ. ಆದರೆ ಅದರ ಸ್ವಭಾವ ತಿಳಿದಿರಬೇಕು. ಅದರ ಕೂದಲೆಳೆಯಂಥ ತಂತು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ದ್ರವವನ್ನು. ಸಕ್ಕರೆ ಏರಿದರೂ ಇಳಿದರೂ ರಕ್ತದಲ್ಲಿ ಮೊದಲು, ಈ ದ್ರವದಲ್ಲಿ ಕೆಲವು ನಿಮಿಷ ತಡ.

ಹಾಗಾಗಿ ಶುಗರ್ ಸರ್ರನೆ ಇಳಿಯುವಾಗ ಮೊಬೈಲ್ 80 ತೋರಿಸುತ್ತಿದ್ದರೂ ರಕ್ತದಲ್ಲಿ ಆಗಲೇ 70ರ ಕೆಳಗೆ ಹೋಗಿರಬಹುದು. ಅಂಕಿಯ ಪಕ್ಕದ ಬಾಣ ಕೆಳಮುಖವಾಗಿದೆಯೇ ನೋಡಿ. ಸಕ್ಕರೆ ಕೊಟ್ಟ ಮೇಲೂ ಅಂಕಿ ಸ್ವಲ್ಪ ಹೊತ್ತು ಕೆಳಗೇ ಇರುತ್ತದೆ. ಗಾಬರಿಯಿಂದ ಮೇಲಿಂದ ಮೇಲೆ ತಿನ್ನಿಸಿದರೆ ಶುಗರ್ 300 ದಾಟೀತು. ಇನ್ನೊಂದು ವಿಚಾರ: ಬಿಲ್ಲೆಯಿರುವ ತೋಳಿನ ಮೇಲೆಯೇ ಒರಗಿ ಮಲಗಿದರೆ ಒತ್ತಡದಿಂದ ಇಲ್ಲದ ಇಳಿತವನ್ನೂ ಅದು ತೋರಿಸಬಹುದು. ಅಂಕಿಗೂ ಮೈಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಮೈ ಹೇಳಿದ್ದನ್ನು ನಂಬಿ, ಸಕ್ಕರೆ ಕೊಡಿ.

ಹದಿನೈದರ ಲೆಕ್ಕ

ಅಜ್ಜನನ್ನು ಕೂರಿಸಿ. 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಸಿ. ಅರ್ಧ ಲೋಟ ಹಣ್ಣಿನ ರಸವೂ ಆದೀತು. 15 ನಿಮಿಷ ಕಾದು ಮತ್ತೆ ಪರೀಕ್ಷಿಸಿ. ಆಗಲೂ 70ರ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಸರಿಹೋದ ಮೇಲೆ ಊಟದ ಹೊತ್ತಾಗಿದ್ದರೆ ಊಟ, ಇಲ್ಲವಾದರೆ ಒಂದು ಚಪಾತಿಯೋ ನಾಲ್ಕು ಬಿಸ್ಕತ್ತೋ ತಿನ್ನಲಿ.

ಚಾಕೊಲೇಟ್, ಮೈಸೂರು ಪಾಕ್ ಈ ಹೊತ್ತಿಗೆ ಬೇಡ. ಅವುಗಳ ಕೊಬ್ಬು, ತುಪ್ಪದಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ನುಂಗುವವರಿಗೆ ಸಕ್ಕರೆಯೂ ಬೇಗ ಕೆಲಸ ಮಾಡದು, ಏಕೆಂದರೆ ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅಂಥವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು.

ಪ್ರಜ್ಞೆ ತಪ್ಪಿದ್ದರೆ ಅಥವಾ ನುಂಗಲು ಆಗದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ ಸಹ. ಅದು ಶ್ವಾಸನಾಳಕ್ಕೆ ಹೋದೀತು. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರನ್ನು ಕೂಗಿ ಕರೆಯಿರಿ.

ತರಗತಿಯಲ್ಲಿ ಟೈಪ್ 1 ಮಧುಮೇಹವಿರುವ ಗೆಳೆಯನೋ ಗೆಳತಿಯೋ ಇರಬಹುದು. ಪಾಠದ ನಡುವೆ ಅವರು ಗ್ಲೂಕೋಸ್ ತಿಂದರೆ ನಗಬೇಡಿ, ಅದು ಅವರ ಔಷಧ. ತಲೆ ಸುತ್ತುತ್ತಿದೆ ಎಂದರೆ ಒಬ್ಬರನ್ನೇ ಸ್ಟಾಫ್ ರೂಮಿಗೆ ಕಳಿಸಬೇಡಿ. ಅವರನ್ನು ಕುಳಿತಲ್ಲೇ ಇರಿಸಿ, ಟೀಚರನ್ನು ಅಲ್ಲಿಗೇ ಕರೆಯಿರಿ. ಪುಟ್ಟ ಮಕ್ಕಳಿಗೆ ಎಷ್ಟು ಸಕ್ಕರೆ ಬೇಕೆಂದು ಅವರ ವೈದ್ಯರು ಮೊದಲೇ ಹೇಳಿರುತ್ತಾರೆ.

ಅಜ್ಜ ಅಜ್ಜಿಯರೇ, ಶುಗರ್ ಇಳಿದದ್ದನ್ನು ಮನೆಯವರಿಂದ ಮುಚ್ಚಿಡಬೇಡಿ. ದಿನ, ಹೊತ್ತು, ಅಂಕಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಪದೇ ಪದೇ ಇಳಿಯುತ್ತಿದ್ದರೆ ಔಷಧದ ಪ್ರಮಾಣ ಬದಲಿಸಬೇಕಾದೀತು. ನೀವಾಗಿಯೇ ನಿಲ್ಲಿಸುವುದು ಬೇಡ. ಮಕ್ಕಳೇ, ಈ ಭಾನುವಾರ ಒಂದು ಸಣ್ಣ ಡಬ್ಬಿಗೆ ಗ್ಲೂಕೋಸ್ ಪುಡಿ ತುಂಬಿ, ಮೇಲೆ ಚೀಟಿ ಅಂಟಿಸಿ: 'ಮೂರು ಚಮಚ, ಹದಿನೈದು ನಿಮಿಷ, 108.' ಅದನ್ನು ಅಜ್ಜನ ಕೈಗೂ ನಿಮ್ಮ ಕೈಗೂ ಎಟುಕುವ ಜಾಗದಲ್ಲಿ ಇಡಿ.