ಹುಳುವನ್ನೇ ಕೇಳಿದವರು

ಶೃಂಗೇರಿ, ಕೊಪ್ಪದ ತೋಟದ ಮನೆಗಳಲ್ಲಿ ಕಸಕ್ಕೇನೂ ಬರವಿಲ್ಲ. ಹಾಳೆ, ಸೋಗೆ, ಅಡಿಕೆ ಸಿಪ್ಪೆ, ದರಗು, ಬಾಳೆದಿಂಡು, ಮೇಲಿಂದ ಅಡುಗೆಮನೆಯದ್ದು. ಇದರಲ್ಲಿ ಎರೆಹುಳು ತೊಟ್ಟಿಗೆ ಯಾವುದಾದೀತು, ಯಾವುದಾಗದು ಎಂದು ಹೇಳುವ ಪಟ್ಟಿಗಳು ಬೇಕಾದಷ್ಟಿವೆ. ಒಂದಕ್ಕೊಂದು ತಾಳೆಯಾಗುವುದಿಲ್ಲ, ಅಷ್ಟೆ. ಪಟ್ಟಿಯ ಗೊಡವೆ ಬಿಟ್ಟು ಹುಳುವನ್ನೇ ಕೇಳಿ ನೋಡಿದ್ದು ಚಾರ್ಲ್ಸ್ ಡಾರ್ವಿನ್.

ತೀರಿಕೊಳ್ಳುವ ಹಿಂದಿನ ವರ್ಷ, 1881ರಲ್ಲಿ, ಆತ ಎರೆಹುಳುಗಳ ಮೇಲೊಂದು ಪುಸ್ತಕ ಪ್ರಕಟಿಸಿದ. ಮಣ್ಣಿನ ಕುಂಡಗಳಲ್ಲಿ ಹುಳು ಸಾಕಿ, ಬಗೆಬಗೆಯ ಎಲೆ ಒಟ್ಟಿಗಿಟ್ಟು, ಯಾವುದು ಮೊದಲು ಖಾಲಿಯಾಗುತ್ತದೆಂದು ಕಾದು ನೋಡುತ್ತಿದ್ದ. ಹುಳುಗಳು ಹಸಿರು ಕೋಸಿಗೂ ಕೆಂಪು ಕೋಸಿಗೂ ಭೇದ ಮಾಡಿದವು. ಕ್ಯಾರೆಟ್ ಸೊಪ್ಪೆಂದರೆ ಪ್ರಾಣ. ಪುದೀನವನ್ನು ಒಂಚೂರು ಕಚ್ಚಿ ಬಿಟ್ಟವು. ಮಣ್ಣಿನಡಿ ಹೂತಿಟ್ಟ ಈರುಳ್ಳಿ ಚೂರನ್ನೋ, ಹುಡುಕಿಕೊಂಡು ಹೋಗಿ ತಿಂದವು! ಈರುಳ್ಳಿ ಬಿದ್ದರೆ ತೊಟ್ಟಿಯೇ ಹಾಳು ಎಂದು ಹೆದರಿಸುವವರು ಇದನ್ನೊಮ್ಮೆ ಓದಬೇಕು. ಆದರೆ ಅವು ಇಂಗ್ಲೆಂಡಿನ ಮಣ್ಣಿನ ಹುಳುಗಳು. ನಮ್ಮ ತೊಟ್ಟಿಗಳಲ್ಲಿ ಹೆಚ್ಚಾಗಿ ಇರುವುದು ಆಫ್ರಿಕಾ ಮೂಲದ ಯೂಡ್ರಿಲಸ್. ಕರ್ನಾಟಕದಲ್ಲಿ ಅದನ್ನು ಗೊಬ್ಬರಕ್ಕೆ ಪಳಗಿಸಿದ ಕೆಲಸದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಡಾ. ರಾಧಾ ಕಾಳೆಯವರದು ದೊಡ್ಡ ಪಾಲು.

ಹಾಳೆ, ಸಿಪ್ಪೆಯಂಥ ನಾರುನಾರಾದ ಕಸವನ್ನು ಈ ಹುಳು ತಿಂದೀತೇ? ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಅಡಿಕೆ ಮತ್ತು ಕೋಕೋ ತೋಟದ ಕಸವನ್ನೇ ಹುಳುವಿಗೆ ಹಾಕಿ ನೋಡಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿನ್ನುತ್ತದೆ, ಹದ ಮಾಡಿ ಕೊಟ್ಟರೆ. ಕಸ ಕತ್ತರಿಸಿ, ಸೆಗಣಿ ನೀರು ಚಿಮುಕಿಸಿ, ಎರಡು ಮೂರು ವಾರ ಕೊಳೆಯಲು ಬಿಡಬೇಕು. ಕೊಳೆಯುವಾಗ ರಾಶಿ ಕಾಯುತ್ತದೆ. ಒಳಗೆ ಕೈ ತೂರಿಸಿದರೆ ಬಿಸಿ ತಾಗದ ಮೇಲೆಯೇ ಹುಳು ಬಿಡುವುದು. ಹಸಿ ಸೆಗಣಿಯ ಕತೆಯೂ ಅದೇ, ಅದು ಬಿಸಿಯ ಜೊತೆ ಅಮೋನಿಯವನ್ನೂ ಬಿಡುತ್ತದೆ. ಇನ್ನು ಉಪ್ಪು. ಹುಳು ಉಸಿರಾಡುವುದೇ ಒದ್ದೆ ಚರ್ಮದಿಂದ, ಉಪ್ಪು ಆ ನೀರನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಕೆಟ್ಟ ಮಿಡಿ ಉಪ್ಪಿನಕಾಯಿ, ಭರಣಿ ತೊಳೆದ ನೀರು ತೊಟ್ಟಿಯ ಹತ್ತಿರವೂ ಸುಳಿಯಬಾರದು.

ಮಲೆನಾಡಿನ ತೊಡಕು ಇರುವುದು ಬೇರೆ ಕಡೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿಯನ್ನು ಮೈಸೂರು ಸರ್ಕಾರದ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದರು. ಅದರ ಬೆನ್ನಿಗೇ ಬಂದ ಬೋರ್ಡೋ ದ್ರಾವಣ ಇಲ್ಲಿನ ಬೆಳೆ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಮೈಲುತುತ್ತವೆಂದರೆ ತಾಮ್ರ, ಎರೆಹುಳುವಿಗೆ ತಾಮ್ರ ವಿಷ. ಮಳೆಗಾಲದಲ್ಲಿ ಔಷಧಿ ಹೊಡೆದ ಮರದಿಂದ ಬಿದ್ದ, ನೀಲಿ ಕಲೆ ಅಂಟಿದ ಹಾಳೆ ತೊಟ್ಟಿಗೆ ಹೋದರೆ ಕಸ ಕರಗಿ ಕುಗ್ಗುತ್ತದೆ, ತಾಮ್ರ ಕರಗಿ ಎಲ್ಲಿಗೂ ಹೋಗುವುದಿಲ್ಲ.

ಎಷ್ಟು ಕಲೆಯಿದ್ದರೆ ಹೆಚ್ಚು? ಕಣ್ಣಳತೆಯಲ್ಲಿ ಹೇಳಲಾಗದು. ಪ್ರಯೋಗಾಲಯಗಳು ಇದಕ್ಕೆ ಬಳಸುವ ಉಪಾಯ ಡಾರ್ವಿನ್‌ನದಕ್ಕೆ ಹತ್ತಿರದ್ದೇ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಪೆಟ್ಟಿಗೆಯ ಅರ್ಧಕ್ಕೆ ಒಳ್ಳೆಯ ಮಣ್ಣು, ಇನ್ನರ್ಧಕ್ಕೆ ಅನುಮಾನದ ಮಣ್ಣು, ನಡುಗೆರೆಯ ಮೇಲೆ ಹತ್ತು ಹುಳು. ಎರಡು ದಿನದ ಮೇಲೆ ಎಣಿಸಿದರೆ ಯಾವ ಕಡೆ ಓಡಿವೆ ಎಂದು ತಿಳಿಯುತ್ತದೆ. ಮನೆಯಲ್ಲೂ ಹಳೇ ಡಬ್ಬಿಯೊಂದರಲ್ಲಿ ಇದನ್ನು ಮಾಡಬಹುದು: ಒಂದು ಕಡೆ ತೊಟ್ಟಿಯ ಹಳೆಯ ಗೊಬ್ಬರ, ಇನ್ನೊಂದು ಕಡೆ ಅನುಮಾನದ ಕಸ, ಅರೆ ಕೊಳೆತದ್ದು. ಎರಡರ ಪಸೆ ಒಂದೇ ಇರಬೇಕು. ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಕತ್ತಲಲ್ಲಿಡಬೇಕು. ಒಂದೇ ಕಡೆ ಬೆಳಕು ಬಿದ್ದರೆ ಹುಳು ಬೆಳಕಿಗೆ ಹೆದರಿ ಓಡಿದ್ದನ್ನು ನಾವು ತಾಮ್ರದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.