ಒಲೆಯ ಮೇಲಿನ ವಿಜ್ಞಾನ: ಅಳ್ಳು, ಮೊಳಕೆಕಾಳು, ಶೇಂಗಾ ಚಟ್ನಿ

‘ಆಹಾರದ ಘಟಕಗಳು’ ಎಂಬ ಪಾಠ ಮುಗಿಯುವ ಹೊತ್ತಿಗೆ ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು, ಜೀವಸತ್ವ, ಖನಿಜ ಎಂಬ ಹೆಸರುಗಳನ್ನು ವಿದ್ಯಾರ್ಥಿಗಳು ತಪ್ಪಿಲ್ಲದೆ ಒಪ್ಪಿಸಬಲ್ಲರು. ಆದರೆ ಅದೇ ವಿದ್ಯಾರ್ಥಿಗಳು ಡಬ್ಬಿಯಲ್ಲಿ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳಲ್ಲಿ ಇವುಗಳಲ್ಲಿ ಯಾವುವು ಇವೆಯೆಂದು ಕೇಳಿದರೆ ಉತ್ತರ ಸುಲಭವಾಗಿ ಬರುವುದಿಲ್ಲ. ಪಾಠದ ಆಹಾರ ಬೇರೆ, ಮನೆಯ ಆಹಾರ ಬೇರೆ ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಬೇರೂರುವುದು ಇಲ್ಲಿಯೇ. ಅದರ ಬೆನ್ನಿಗೇ ಇನ್ನೊಂದು ಭಾವನೆಯೂ ಬರುತ್ತದೆ: ಬಣ್ಣದ ಪೊಟ್ಟಣದಲ್ಲಿ ಸಿಗುವ ತಿನಿಸು ಹೆಚ್ಚಿನದು, ಬಟ್ಟೆಯಲ್ಲಿ ಕಟ್ಟಿದ ತಿನಿಸು ಕಡಿಮೆಯದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಈ ಎರಡೂ ಭಾವನೆಗಳನ್ನು ತಿದ್ದಲು ಬೇಕಾದ ಸಾಮಗ್ರಿ ಪ್ರತಿ ಮನೆಯ ಅಡುಗೆಮನೆಯಲ್ಲಿಯೇ ಇದೆ. ಇಲ್ಲಿನ ತಿಂಡಿಗಳ ಗುಣ ಕೇವಲ ಧಾನ್ಯದಲ್ಲಿ ಅಡಗಿಲ್ಲ. ಧಾನ್ಯಕ್ಕೆ ಮಾಡುವ ಸಂಸ್ಕಾರದಲ್ಲಿಯೂ ಇದೆ. ಅರಳಿಸುವುದು, ನೆನೆಸಿ ಮೊಳಕೆ ಬರಿಸುವುದು, ಹುರಿದು ಕುಟ್ಟುವುದು ಎಂಬ ಕ್ರಿಯೆಗಳು ಮಗುವಿಗೆ ಮೊದಲೇ ತಿಳಿದಿವೆ. ಅವುಗಳ ಹಿಂದಿನ ಕಾರಣವನ್ನು ಅದೇ ಭಾಷೆಯಲ್ಲಿ ತಿಳಿಸಿಕೊಡುವುದು ಶಿಕ್ಷಕರ ಕೆಲಸ.

1. ಅಳ್ಳು: ಕಾಳಿನೊಳಗಿನ ಹಬೆ

ನಾಗರ ಪಂಚಮಿ ಹತ್ತಿರವಾದಂತೆ ಈ ಭಾಗದ ಮನೆಗಳಲ್ಲಿ ಜೋಳದ ಅಳ್ಳು ಹುರಿಯುತ್ತಾರೆ. ಹಿರಿಯರು ಜೋಳಕ್ಕೆ ನೀರು ಚಿಮುಕಿಸಿ, ಕೆಲಕಾಲ ಮುಚ್ಚಿಟ್ಟು, ಮೇಲಿನ ಪಸೆ ಆರಿದ ಮೇಲೆ ಚೆನ್ನಾಗಿ ಕಾದ ಬಾಣಲೆಗೆ ಹಾಕುತ್ತಾರೆ. ಈ ಕ್ರಮದ ಪ್ರತಿಯೊಂದು ಹಂತಕ್ಕೂ ಕಾರಣವಿದೆ.

ಕಾಳಿನ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಪಿಷ್ಟ, ಪಿಷ್ಟದ ನಡುವೆ ಸ್ವಲ್ಪ ನೀರು ಇರುತ್ತವೆ. ಬಿಸಿ ತಗುಲಿದಾಗ ಆ ನೀರು ಹಬೆಯಾಗುತ್ತದೆ. ಗಟ್ಟಿ ಸಿಪ್ಪೆ ಹಬೆಯನ್ನು ಹೊರಗೆ ಬಿಡದ ಕಾರಣ ಒಳಗಿನ ಒತ್ತಡ ಏರುತ್ತ ಹೋಗುತ್ತದೆ. ಉಷ್ಣತೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಸಿಪ್ಪೆ ತಡೆಯಲಾರದೆ ಒಡೆಯುತ್ತದೆ. ಮೆತ್ತಗಾಗಿದ್ದ ಪಿಷ್ಟ ಒಮ್ಮೆಲೇ ನೊರೆಯಂತೆ ಉಬ್ಬಿ, ಹೊರಗಿನ ಗಾಳಿಗೆ ತಣಿದು ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಇದೇ ಅಳ್ಳು. ಕಾಳು ಒಣಗಿ ಹೋಗಿದ್ದರೆ ಹಬೆ ಸಾಲದು. ತೀರ ಒದ್ದೆಯಾಗಿದ್ದರೆ ಸಿಪ್ಪೆ ಮೆತ್ತಗಾಗಿ ಬೇಗನೆ ಬಿರಿಯುತ್ತದೆ. ಸೀಳು ಬಿಟ್ಟ ಕಾಳಿನಿಂದ ಹಬೆ ಸೋರಿಹೋಗುತ್ತದೆ. ಬಾಣಲೆಯ ತಳದಲ್ಲಿ ಅರಳದೆ ಉಳಿಯುವ ಕಾಳುಗಳಿಗೆ ಬಹುಮಟ್ಟಿಗೆ ಇವೇ ಕಾರಣಗಳು. ಒತ್ತಡ, ಹಬೆ, ಸ್ಥಿತಿ ಬದಲಾವಣೆ ಎಂಬ ಭೌತವಿಜ್ಞಾನದ ಪರಿಕಲ್ಪನೆಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯುವುದು ಕಷ್ಟ.

ಪೋಷಣೆಯ ದೃಷ್ಟಿಯಿಂದಲೂ ಅಳ್ಳು ಒಳ್ಳೆಯ ತಿನಿಸು. ಎಣ್ಣೆ ಬೇಕಿಲ್ಲ, ತೌಡಿನ ಭಾಗ ಬೇರ್ಪಡದೆ ಇರುವುದರಿಂದ ನಾರಿನಂಶ ಉಳಿಯುತ್ತದೆ, ಹಗುರವಾಗಿ ಉಬ್ಬಿರುವುದರಿಂದ ಬೊಗಸೆ ತುಂಬ ತಿಂದರೂ ಹೊಟ್ಟೆ ಸೇರುವ ಧಾನ್ಯ ಕಡಿಮೆ.

ಈ ನಾಡಿನ ಹಿಂಗಾರಿ ಜೋಳಕ್ಕೆ ಕೃಷಿ ವಿಜ್ಞಾನದಲ್ಲಿಯೂ ಹೆಸರಿದೆ. ದೂರದವರೆಗೆ ಹರಡಿದ ‘ಮಾಲದಂಡಿ’ ಎಂಬ ಎಂ 35-1 ತಳಿಯನ್ನು ಆಯ್ಕೆ ಮಾಡಿದ್ದು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ. ಇದೇ ಜೋಳದ ತೆನೆ ಹಾಲುಗಾಳಿನ ಹಂತ ದಾಟುವಾಗ ಸುಟ್ಟು ತಿನ್ನುವ ಸೀತನಿ ಸಿಹಿಯಾಗಿರುವುದೇಕೆ ಎಂಬುದೂ ಒಳ್ಳೆಯ ಪ್ರಶ್ನೆ. ಎಳೆಯ ಕಾಳಿನಲ್ಲಿ ಸಕ್ಕರೆ ಇನ್ನೂ ಪೂರ್ತಿಯಾಗಿ ಪಿಷ್ಟವಾಗಿ ಮಾರ್ಪಟ್ಟಿರುವುದಿಲ್ಲ ಎಂಬುದೇ ಅದಕ್ಕೆ ಉತ್ತರ.

2. ಮೊಳಕೆ: ಎಚ್ಚರಗೊಂಡ ಬೀಜ

ಮಡಕಿ ಕಾಳು, ಹೆಸರುಕಾಳುಗಳನ್ನು ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಕಾಣಿಸುತ್ತದೆ. ಒಣ ಬೀಜವು ಸಸಿಗಾಗಿ ಕೂಡಿಟ್ಟ ಬುತ್ತಿ. ನೀರು ಸೇರಿದೊಡನೆ ಅದರೊಳಗಿನ ಕಿಣ್ವಗಳು ಚುರುಕಾಗಿ ಪಿಷ್ಟವನ್ನೂ ಪ್ರೋಟೀನನ್ನೂ ಸಣ್ಣ ತುಣುಕುಗಳಾಗಿ ಒಡೆಯತೊಡಗುತ್ತವೆ. ಸಸಿಗೆಂದು ಬೀಜ ಮಾಡಿಕೊಂಡ ಈ ಸಿದ್ಧತೆಯ ಲಾಭ ತಿನ್ನುವವರಿಗೂ ದೊರೆಯುತ್ತದೆ.

ಇಲ್ಲಿ ಮೂರು ಬದಲಾವಣೆಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ‘ಸಿ’ ಜೀವಸತ್ವ ಮೊಳಕೆಯಲ್ಲಿ ಹೆಚ್ಚುತ್ತದೆ. ಎರಡನೆಯದಾಗಿ, ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಕೆಲವು ಸಕ್ಕರೆಗಳು ಕಡಿಮೆಯಾಗುತ್ತವೆ. ಮೂರನೆಯದು ಬಹು ಮುಖ್ಯವಾದುದು. ಕಾಳುಗಳಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಂಡು ಕರುಳು ಅವನ್ನು ಹೀರದಂತೆ ತಡೆಯುತ್ತದೆ. ಮೊಳಕೆಯೊಡೆಯುವಾಗ ಫೈಟೇಸ್ ಎಂಬ ಕಿಣ್ವ ಆ ಆಮ್ಲವನ್ನು ಒಡೆಯುತ್ತದೆ. ಹಿಡಿತ ಸಡಿಲಗೊಂಡು ಕಬ್ಬಿಣ ದೇಹಕ್ಕೆ ಸುಲಭವಾಗಿ ಒದಗುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಎಂಟನೆಯ ತರಗತಿಯಲ್ಲಿ ಇಂದು ಕುಳಿತಿರುವ ಬಾಲಕಿಯರು ಇನ್ನೆರಡು ವರ್ಷಗಳಲ್ಲಿ ಸೇರುವುದು ಇದೇ ವಯೋಗುಂಪಿಗೆ. ಮೊಳಕೆಕಾಳಿಗೆ ಲಿಂಬೆಹಣ್ಣು ಹಿಂಡಿ ತಿಂದರೆ ಅದರ ‘ಸಿ’ ಜೀವಸತ್ವದಿಂದ ಕಬ್ಬಿಣದ ಹೀರಿಕೆ ಹೆಚ್ಚುತ್ತದೆ. ಊಟದೊಡನೆ ಕುಡಿಯುವ ಚಹಾದಿಂದ ಅದು ಕುಗ್ಗುತ್ತದೆ. ತಾಯಂದಿರ ಸಭೆಯಲ್ಲಿ ಹೇಳಬೇಕಾದ ಮಾತು ಇದು.

ಒಂದು ಎಚ್ಚರಿಕೆಯೂ ಅವಶ್ಯ. ಮೊಳಕೆಗೆ ಬೇಕಾದ ಬೆಚ್ಚನೆಯ ತೇವ ರೋಗಾಣುಗಳಿಗೂ ಇಷ್ಟ. ಕಾಳನ್ನು ಶುದ್ಧ ನೀರಿನಲ್ಲಿ ತೊಳೆದು, ಚೊಕ್ಕ ಬಟ್ಟೆಯಲ್ಲಿ ಕಟ್ಟಿ, ತಿನ್ನುವ ಮೊದಲು ಬೇಯಿಸುವುದು ಮಕ್ಕಳ ಮಟ್ಟಿಗೆ ಸುರಕ್ಷಿತ. ಬಿಸಿಗೆ ‘ಸಿ’ ಜೀವಸತ್ವ ಸ್ವಲ್ಪ ನಷ್ಟವಾಗುತ್ತದೆ; ಒಲೆಯಿಂದ ಇಳಿಸಿದ ಮೇಲೆ ಹಿಂಡುವ ಲಿಂಬೆ ಆ ಕೊರತೆಯನ್ನು ತುಂಬುತ್ತದೆ.

3. ಶೇಂಗಾ: ಹುರಿದು ಕುಟ್ಟುವ ಗುಟ್ಟು

ಸೊಲ್ಲಾಪುರದ ಶೇಂಗಾ ಚಟ್ನಿಯ ಹೆಸರು ಜಿಲ್ಲೆಯ ಗಡಿ ದಾಟಿದೆ. ಹುರಿದ ಶೇಂಗಾಕ್ಕೆ ಬೆಳ್ಳುಳ್ಳಿ, ಕೆಂಪು ಖಾರ, ಜೀರಿಗೆ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟುತ್ತಾರೆ. ಹುರಿಯುವಾಗ ಕಾಳಿನ ಅಮೈನೋ ಆಮ್ಲಗಳು ಮತ್ತು ಸಕ್ಕರೆಗಳು ಕೂಡಿ ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಇದನ್ನು ಮೈಲಾರ್ ಕ್ರಿಯೆ ಎನ್ನುತ್ತಾರೆ. ರೊಟ್ಟಿಯ ಮೇಲಿನ ಕಂದು ಚುಕ್ಕೆಗಳೂ ಇದೇ ಕ್ರಿಯೆಯ ಗುರುತು. ಹಸಿ ಕಾಳಿನಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ಕೆಲವು ಅಂಶಗಳು ಹುರಿಯುವ ಬಿಸಿಗೆ ಬಹುಪಾಲು ಶಕ್ತಿಗುಂದುತ್ತವೆ. ಕುಟ್ಟಿದಾಗ ಕಾಳಿನದೇ ಎಣ್ಣೆ ಹೊರಬಂದು ಚಟ್ನಿಗೆ ಜಿಡ್ಡನ್ನು ಕೊಡುವುದರಿಂದ ಬೇರೆ ಎಣ್ಣೆ ಬೇಕಾಗುವುದಿಲ್ಲ. ನೀರು ಸೋಕಿಸದ ಕಾರಣ ಸೂಕ್ಷ್ಮಜೀವಿಗಳು ಬೆಳೆಯಲಾರವು. ಚಟ್ನಿ ಬಹುದಿನ ಕೆಡದೆ ಉಳಿಯುತ್ತದೆ.

100 ಗ್ರಾಂ ಶೇಂಗಾದಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, 40 ಗ್ರಾಂ ಕೊಬ್ಬು ಇರುತ್ತವೆ. 30 ಗ್ರಾಂ, ಅಂದರೆ ಒಂದು ಹಿಡಿ ಶೇಂಗಾದಿಂದ ಸುಮಾರು 7 ಗ್ರಾಂ ಪ್ರೋಟೀನ್, 160 ಕಿಲೋ ಕ್ಯಾಲರಿ ಶಕ್ತಿ ದೊರೆಯುತ್ತದೆ. ಪ್ರಾಥಮಿಕ ಹಂತದ ಶಾಲಾ ಬಿಸಿಯೂಟಕ್ಕೆ ನಿಗದಿಯಾದ ಪ್ರೋಟೀನ್ 12 ಗ್ರಾಂ, ಶಕ್ತಿ 450 ಕಿಲೋ ಕ್ಯಾಲರಿ. ಹೋಲಿಸಿ ನೋಡಿದರೆ ಒಂದು ಹಿಡಿ ಶೇಂಗಾದ ಬೆಲೆ ತಿಳಿಯುತ್ತದೆ.

ಬೂಷ್ಟು ಹಿಡಿದ, ಸುಕ್ಕಿದ, ಕಹಿಯಾದ ಕಾಳನ್ನು ಮಾತ್ರ ಆರಿಸಿ ಎಸೆಯಲೇಬೇಕು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿಕರ. ಹುರಿದರೂ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ. ಕಾಳು ಆರಿಸುವ ಅಜ್ಜಿಯ ಕೆಲಸ ಇಂದಿನ ಆಹಾರ ಸುರಕ್ಷತೆಯ ಮೊದಲ ಹೆಜ್ಜೆಯೇ ಆಗಿದೆ.

4. ಜೊತೆಗೂಡಿದಾಗ

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರಪಳಿ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಸಾಕಷ್ಟಿದೆ. ಬೇಳೆಕಾಳುಗಳಲ್ಲಿ ಮಿಥಿಯೋನಿನ್ ಕಡಿಮೆ. ಏಕದಳ ಧಾನ್ಯಗಳು ಆ ಕೊರತೆಯನ್ನು ನೀಗುತ್ತವೆ. ರೊಟ್ಟಿಯ ಜೊತೆ ಕಾಳಿನ ಪಲ್ಯ, ಚುರಮುರಿಯ ಜೊತೆ ಪುಟಾಣಿ ಎಂಬ ರೂಢಿಗಳ ಹಿಂದೆ ಇರುವುದು ಈ ಲೆಕ್ಕ. ಶೇಂಗಾ ದ್ವಿದಳವಾದರೂ ಅದರಲ್ಲಿ ಲೈಸಿನ್ ಬೇಳೆಕಾಳುಗಳಷ್ಟು ಇಲ್ಲ. ಆದುದರಿಂದ ರೊಟ್ಟಿ-ಚಟ್ನಿಯ ಡಬ್ಬಿಗೆ ಒಂದು ಹಿಡಿ ಮೊಳಕೆಕಾಳೋ ಸ್ವಲ್ಪ ಮೊಸರೋ ಸೇರಿದರೆ ಊಟದ ಗುಣ ಹೆಚ್ಚುತ್ತದೆ.

5. ಹಳೆಯದೆಲ್ಲ ಹಿತವಲ್ಲ

ಸಾಂಪ್ರದಾಯಿಕ ತಿನಿಸನ್ನು ಹೊಗಳುವ ಭರದಲ್ಲಿ ಶಿಕ್ಷಕರು ತಪ್ಪು ಮಾಹಿತಿ ಕೊಡಬಾರದು. ಚಕ್ಕುಲಿ, ಶಂಕರಪಾಳಿ, ಭಜಿ ಮನೆಯಲ್ಲಿ ಮಾಡಿದರೂ ಕರಿದ ತಿಂಡಿಗಳೇ. ಒಂದೇ ಎಣ್ಣೆಯನ್ನು ಪದೇ ಪದೇ ಕಾಯಿಸಿದರೆ ಹಾನಿ ಇನ್ನೂ ಹೆಚ್ಚು. ಅವು ಹಬ್ಬಕ್ಕೆ ಮಾತ್ರ ಬರುತ್ತಿದ್ದ ಕಾಲದ ರೂಢಿಯನ್ನೂ ಮಕ್ಕಳಿಗೆ ನೆನಪಿಸಬೇಕು.

ಬೆಲ್ಲದಲ್ಲಿ ಖನಿಜಗಳ ಸ್ವಲ್ಪ ಅಂಶವಿದ್ದರೂ ಅದರ ಬಹುಭಾಗ ಸಕ್ಕರೆಯೇ. ಉಂಡೆ ತಿಂದು ರಕ್ತಹೀನತೆ ವಾಸಿಯಾಗುವುದಿಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗೆ ಬೆಲ್ಲ ಬದಲಿಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಸಂಕ್ರಾಂತಿಯ ಎಳ್ಳಿನಲ್ಲಿ ಸುಣ್ಣದಂಶ ಹೇರಳವಾಗಿದೆ. ಆದರೆ ಸಿಪ್ಪೆಯಲ್ಲಿರುವ ಆಕ್ಸಲೇಟ್ ಅದರ ಒಂದು ಭಾಗವನ್ನು ಹಿಡಿದಿಡುವುದರಿಂದ ಇರುವುದೆಲ್ಲ ದೇಹಕ್ಕೆ ದಕ್ಕುವುದಿಲ್ಲ.

6. ತರಗತಿಯಲ್ಲಿ ಮಾಡಬಹುದಾದ ಚಟುವಟಿಕೆಗಳು

ಅಳ್ಳಿನ ಎಣಿಕೆ: ಒಣಗಿಸಿದ, ನೀರು ಚಿಮುಕಿಸಿ ಮುಚ್ಚಿಟ್ಟ, ಸೀಳಿದ ಜೋಳ, ಹೀಗೆ ನೂರು ನೂರು ಕಾಳುಗಳ ಮೂರು ಗುಂಪುಗಳನ್ನು ಶಿಕ್ಷಕರೇ ಹುರಿದು ತೋರಿಸಲಿ. ಅರಳಿದ ಕಾಳುಗಳನ್ನು ಮಕ್ಕಳು ಎಣಿಸಿ ಸ್ತಂಭಾಲೇಖ ಬರೆಯಲಿ. ಒಲೆಯಿಂದ ಮಕ್ಕಳು ದೂರವಿರಲಿ.

ಮೊಳಕೆಯ ದಿನಚರಿ: 50 ಗ್ರಾಂ ಮಡಕಿ ಕಾಳನ್ನು ನೆನೆಸುವ ಮೊದಲು, ನೆನೆಸಿದ ಮೇಲೆ, ಮೊಳಕೆ ಬಂದ ಮೇಲೆ ತೂಗಿ, ಕಂಡುದನ್ನು ಮೂರು ವಾಕ್ಯಗಳಲ್ಲಿ ಬರೆಸಬೇಕು. ಹೆಚ್ಚಿದ ತೂಕ ಎಲ್ಲಿಂದ ಬಂತೆಂದು ಕೇಳಬೇಕು.

ಪೊಟ್ಟಣದ ಓದು: ಖಾಲಿ ಪೊಟ್ಟಣದ ಮೇಲಿನ ಪೋಷಕಾಂಶಗಳ ಪಟ್ಟಿಯನ್ನು ಮಕ್ಕಳು ಕನ್ನಡದಲ್ಲಿ ಬರೆಯಲಿ. ಸೋಡಿಯಂ ಪ್ರಮಾಣವನ್ನು 2.5ರಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಬರುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಮಕ್ಕಳಿಗೆ ಇನ್ನೂ ಕಡಿಮೆ. ಉತ್ತರವನ್ನು ಮಕ್ಕಳೇ ಕಂಡುಕೊಂಡರೆ ಬುದ್ಧಿವಾದದ ಅಗತ್ಯ ಬೀಳುವುದಿಲ್ಲ.

ಪದಗಳ ಜೋಡಣೆ: ಮನೆಯಲ್ಲಿ ‘ಶೇಂಗಾ’ ಎನ್ನುವುದನ್ನು ಪುಸ್ತಕ ‘ಕಡಲೆಕಾಯಿ’ ಅಥವಾ ‘ನೆಲಗಡಲೆ’ ಎನ್ನಬಹುದು, ‘ಪುಟಾಣಿ’ಯನ್ನು ‘ಹುರಿಗಡಲೆ’, ‘ಅಳ್ಳ’ನ್ನು ‘ಅರಳು’ ಎನ್ನಬಹುದು. ಎರಡೂ ಕನ್ನಡವೇ ಎಂದು ತಿಳಿಸಿ, ಎರಡನ್ನೂ ಫಲಕದ ಮೇಲೆ ಬರೆಯಬೇಕು. ಮನೆಯ ಮಾತನ್ನು ತಪ್ಪೆಂದು ಅಳಿಸಿದರೆ ಅದರೊಡನೆ ಮಗುವಿಗೆ ಗೊತ್ತಿದ್ದ ವಿಜ್ಞಾನವೂ ಅಳಿಸಿಹೋಗುತ್ತದೆ.

ಚಟುವಟಿಕೆಗೆ ಮೊದಲು ಶೇಂಗಾ ಒಗ್ಗದ ಮಕ್ಕಳಿದ್ದಾರೆಯೇ ಎಂದು ಪಾಲಕರಿಂದ ತಿಳಿದುಕೊಳ್ಳಬೇಕು. ಯಾರ ಡಬ್ಬಿಯನ್ನೂ ಇನ್ನೊಬ್ಬರ ಡಬ್ಬಿಯೊಡನೆ ಹೋಲಿಸಬಾರದು. ಬರಿಗೈಯಲ್ಲಿ ಬಂದ ಮಗುವೂ ಅದೇ ತರಗತಿಯಲ್ಲಿ ಇರಬಹುದು. ಪಾಠದ ಕೊನೆಯಲ್ಲಿ ಒಂದೇ ಮನೆಗೆಲಸ ಸಾಕು: ಮನೆಯ ಹಿರಿಯರೊಬ್ಬರನ್ನು ಒಂದು ತಿಂಡಿಯ ಬಗ್ಗೆ ಕೇಳಿ, ಮಾಡುವ ಕ್ರಮವನ್ನು ಅವರ ಮಾತಿನಲ್ಲಿಯೇ ಬರೆದು ತರುವುದು. ಮರುದಿನ ಪ್ರತಿ ಹಂತದ ಮುಂದೆ ‘ಏಕೆ?’ ಎಂದು ಬರೆದರೆ ಮುಂದಿನ ವಿಜ್ಞಾನ ಪಾಠ ತಾನಾಗಿಯೇ ಆರಂಭವಾಗುತ್ತದೆ.